30 ಎಕರೆ ಇದ್ದೂ ಬಡವ ಹೇಗೆ? ಬೀಜ, ಬೀಳು, ಬಿಟ್ಟಿಯ ಲೆಕ್ಕ

ಪ್ರಶ್ನೆ: ಮಧ್ಯಯುಗದ ಇಂಗ್ಲೆಂಡಿನ ಬಗ್ಗೆ ಓದುವಾಗ, 1300ರ ಸುಮಾರಿಗೆ ಒಬ್ಬ ಜೀತದ ರೈತನ ಬಳಿ 30 ಎಕರೆ ಇರುತ್ತಿತ್ತು ಎಂದು ಬರುತ್ತದೆ. ಅದೇ ಪುಟದಲ್ಲಿ ಅವನು ಬಡವ, ಒಂದು ಬೆಳೆ ಕೈಕೊಟ್ಟರೆ ಉಪವಾಸ ಎಂದೂ ಇರುತ್ತದೆ. ನಮ್ಮ ಕಡೆ 30 ಎಕರೆ ಇದ್ದವರು ಊರಿಗೇ ದೊಡ್ಡವರು. ಅಷ್ಟು ಭೂಮಿ ಇಟ್ಟುಕೊಂಡು ಅವನು ಹಸಿದದ್ದು ಹೇಗೆ? ಒಡೆಯರ ಸುಲಿಗೆಯೊಂದೇ ಕಾರಣವೇ?

ಉತ್ತರ: ಸುಲಿಗೆ ಇತ್ತು. ಅದನ್ನು ಕೆಳಗೆ ಬಾಬತ್ತುವಾರು ನೋಡೋಣ. ಆದರೆ ಒಡೆಯನ ಆಳು ಬಾಗಿಲಿಗೆ ಬರುವ ಮೊದಲೇ ಆ 30 ಎಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊಲದಲ್ಲೇ ಕರಗಿಹೋಗಿರುತ್ತಿತ್ತು. ಎಕರೆ ಎಣಿಸುವುದನ್ನು ಬಿಟ್ಟು, ಬಿತ್ತಿದ ಒಂದು ಕಾಳಿಗೆ ಎಷ್ಟು ಕಾಳು ಮನೆಗೆ ಬಂತು ಎಂದು ಎಣಿಸಿದರೆ ನಿಮ್ಮ ಗೊಂದಲ ಬಗೆಹರಿಯುತ್ತದೆ.

ನಮ್ಮ ರಾಗಿಯನ್ನೇ ತೆಗೆದುಕೊಳ್ಳಿ. ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ ನಾಲ್ಕೈದು ಕೆಜಿ ಬೀಜ ಸಾಕು. ಮಳೆ ಆಶ್ರಯದಲ್ಲಿ ಐದಾರು ಕ್ವಿಂಟಲ್ ಬಂದರೂ ಬಿತ್ತಿದ್ದರ ನೂರು ಪಟ್ಟು ಬಂತು. 1300ರ ಇಂಗ್ಲೆಂಡಿನಲ್ಲಿ ಗೋಧಿಗೆ ಎಕರೆಗೆ 50ರಿಂದ 60 ಕೆಜಿ ಬೀಜ ಬೇಕಿತ್ತು. ತಿರುಗಿ ಬರುತ್ತಿದ್ದದ್ದು 200ರಿಂದ 250 ಕೆಜಿ, ಅಂದರೆ ನಾಲ್ಕು ಪಟ್ಟು. ರಾಗಿ ಕಾಳು ಚಿಕ್ಕದು, ಹಾಗಾಗಿ ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ ಎನ್ನಬಹುದು. ಆದರೂ ಮುಖ್ಯ ಸಂಗತಿ ಇದರಲ್ಲೇ ಇದೆ: ನಮ್ಮ ರೈತ ಬೀಜಕ್ಕೆಂದು ಎತ್ತಿಡುವುದು ಒಂದು ಮೊರದಷ್ಟು, ಅವನು ಎತ್ತಿಡಬೇಕಿದ್ದದ್ದು ಕಣಜದ ಕಾಲು ಭಾಗ.

ಈ ಅಂಕಿಗಳು ಊಹೆಯವಲ್ಲ. ವಿಂಚೆಸ್ಟರ್ ಬಿಷಪ್‌ರ ಎಸ್ಟೇಟುಗಳ ಲೆಕ್ಕದ ಸುರುಳಿಗಳು 1208ರಿಂದ ಮೊದಲುಗೊಂಡು, ನಡುನಡುವೆ ಕೆಲವು ವರ್ಷ ಬಿಟ್ಟು, ಉಳಿದುಬಂದಿವೆ. ಪ್ರತಿ ವರ್ಷ ಸೆಪ್ಟೆಂಬರ್ 29ರ ಮೈಕೆಲ್ಮಸ್ ಹಬ್ಬಕ್ಕೆ ಊರಿನ ರೀವ್, ಎಂದರೆ ಒಡೆಯನ ಪರವಾಗಿ ಬೇಸಾಯ ನೋಡಿಕೊಳ್ಳುತ್ತಿದ್ದ ಅದೇ ಊರಿನ ರೈತ, ಎಷ್ಟು ಬಿತ್ತಿದೆ, ಎಷ್ಟು ಬಂತು, ಎಷ್ಟು ಮಾರಿದೆ ಎಂದು ಲೆಕ್ಕ ಒಪ್ಪಿಸಬೇಕಿತ್ತು. ಗುಮಾಸ್ತ ಅದನ್ನು ಚರ್ಮದ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದ. ಅಲ್ಲಿ ಗೋಧಿಯ ಸರಾಸರಿ ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆ, ಓಟ್ಸ್‌ನದು ಎರಡೂವರೆ ಪಟ್ಟಿನ ಆಸುಪಾಸು. ಒಂದು ಎಚ್ಚರಿಕೆ: ಇದು ಒಡೆಯನ ಸ್ವಂತ ಜಮೀನಿನ ಲೆಕ್ಕ. ರೈತರು ತಮ್ಮ ಹೊಲದ ಲೆಕ್ಕ ಬರೆದಿಡಲಿಲ್ಲ. ಅವರ ಗೊಬ್ಬರ ಕಡಿಮೆ, ಆದರೆ ಕೈಕೆಲಸ ಹೆಚ್ಚು; ಒಂದಕ್ಕೊಂದು ಸರಿದೂಗುತ್ತಿತ್ತು ಎಂದಿಟ್ಟುಕೊಂಡು ಮುಂದೆ ಹೋಗೋಣ.

ಮೊದಲು ಆ 30 ಎಕರೆಯ ವಿಷಯ. ಒಂದು ಪೂರ್ತಿ ಹಿಡುವಳಿಗೆ ವರ್ಗೇಟ್ ಎಂದು ಹೆಸರು. ಹೆಸರಿಗೆ 30 ಎಕರೆ ಎಂದರೂ ಊರಿಂದ ಊರಿಗೆ ಅದು 15ರಿಂದ 40ರವರೆಗೆ ಏರಿಳಿಯುತ್ತಿತ್ತು. ಅಳೆಯುವ ಕೋಲು ಕೂಡ ಒಂದೇ ಉದ್ದದ್ದಲ್ಲ. ಜೊತೆಗೆ, ಪೂರ್ತಿ ವರ್ಗೇಟ್ ಇದ್ದವನು ಊರಿನ ಮೇಲ್ತರಗತಿಯ ರೈತ. 1ನೇ ಎಡ್ವರ್ಡ್ ದೊರೆ 1279ರಲ್ಲಿ ಮಾಡಿಸಿದ ಭೂ ಸಮೀಕ್ಷೆಯ ದಾಖಲೆ ಉಳಿದಿರುವ ಕಡೆ ನೋಡಿದರೆ, ಒಡೆಯನಿಗೆ ಕಟ್ಟುಬಿದ್ದ ರೈತರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಳಿ ಇದ್ದದ್ದು ಅರ್ಧ ವರ್ಗೇಟ್ ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ‘30 ಎಕರೆಯ ಬಡ ರೈತ’ ಎಂದು ನೀವು ಓದಿದ್ದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ. ಅವನು ಒಳ್ಳೆಯ ವರ್ಷದಲ್ಲಿ ಬಡವನಲ್ಲ. 15 ಎಕರೆಯವನು ಯಾವಾಗಲೂ ಅಂಚಿನಲ್ಲಿ ನಿಂತವನು.

‘ಜೀತ’ ಎಂಬ ಮಾತೂ ಪೂರ್ತಿ ಒಪ್ಪುವುದಿಲ್ಲ. ಇಂಥ ರೈತನನ್ನು ವಿಲೆನ್ ಎನ್ನುತ್ತಿದ್ದರು, ಹಳ್ಳಿಗ ಎಂಬರ್ಥದಲ್ಲಿ. (ನಮ್ಮ ಸಿನಿಮಾದ ವಿಲನ್ ಇದೇ ಪದದ ವಂಶಸ್ಥ. ಕುಲೀನರ ಬಾಯಲ್ಲಿ ಹಳ್ಳಿಗ ಎಂದರೆ ಒರಟ, ಒರಟ ಎಂದರೆ ನೀಚ ಎಂದು ಅರ್ಥ ಕೆಡುತ್ತ ಬಂತು.) ಅವನ ಹಿಡುವಳಿ ಅಪ್ಪನಿಂದ ಮಗನಿಗೆ ಬರುತ್ತಿತ್ತು, ಎತ್ತು ಪಾತ್ರೆ ಅವನವೇ. ಆದರೆ ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ, ಮಗಳ ಮದುವೆಗೆ ಕಾಣಿಕೆ ಕಟ್ಟಬೇಕು, ಜಮೀನಿನ ತಗಾದೆ ಬಂದರೆ ದೊರೆಯ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಒಡೆಯನ ಕಚೇರಿಯಲ್ಲೇ ಇತ್ಯರ್ಥ.

ಇನ್ನು ಹೊಲಕ್ಕೆ ಇಳಿಯೋಣ. ಇಂಗ್ಲೆಂಡಿನ ನಡುಭಾಗದ ಬಯಲು ಊರುಗಳಲ್ಲಿ ಪ್ರತಿ ಊರಿಗೆ ಎರಡೋ ಮೂರೋ ದೊಡ್ಡ ಬಯಲುಗಳು, ಒಂದೊಂದೂ ನೂರಾರು ಎಕರೆ. ನಡುವೆ ಬೇಲಿ ಇಲ್ಲ. ಒಳಗೆ ಉದ್ದುದ್ದದ ಪಟ್ಟಿಗಳು. ರೈತನ 30 ಎಕರೆ ಒಂದೇ ಕಡೆ ಇರುತ್ತಿರಲಿಲ್ಲ. ಅರ್ಧ ಎಕರೆ, ಕಾಲು ಎಕರೆಯ ಹತ್ತಾರು ತುಂಡುಗಳಾಗಿ ಮೂರೂ ಬಯಲಲ್ಲಿ ಚದುರಿರುತ್ತಿತ್ತು. ತಗ್ಗಿನ ಪಟ್ಟಿ ನೀರು ನಿಂತು ಕೊಳೆತರೆ ದಿಣ್ಣೆಯದು ಉಳಿಯಲಿ ಎಂಬ ಮುಂಜಾಗ್ರತೆ ಇದರಲ್ಲಿತ್ತು. ಆದರೆ ಅದರ ಬೆಲೆ ಎಂದರೆ ದಿನವಿಡೀ ಪಟ್ಟಿಯಿಂದ ಪಟ್ಟಿಗೆ ಎತ್ತು ಹೊಡೆದುಕೊಂಡು ಹೋಗುವುದು.

ಪಟ್ಟಿಯ ವಾಡಿಕೆಯ ಉದ್ದ 220 ಗಜ. ಎತ್ತುಗಳು ಒಂದೇ ದಮ್ಮಿಗೆ ಎಳೆಯಬಲ್ಲ ಒಂದು ಸಾಲು ಅಷ್ಟು. ಅದೇ ಫರ್ಲಾಂಗ್, ‘ಸಾಲಿನುದ್ದ’ ಎಂದೇ ಆ ಪದದ ಅರ್ಥ. ಊರ ಹಿರಿಯರು ‘ಇಲ್ಲಿಂದ ಎರಡು ಫರ್ಲಾಂಗು’ ಎಂದರೆ ಅಳೆಯುತ್ತಿರುವುದು ಆ ಎತ್ತುಗಳ ದಮ್ಮನ್ನೇ. 220 ಗಜ ಉದ್ದ, 22 ಗಜ ಅಗಲ, ಒಟ್ಟು 4,840 ಚದರ ಗಜ, ಒಂದು ಎಕರೆ. ಬ್ರಿಟಿಷರ ಸರ್ವೆಯ ಜೊತೆ ಬಂದು ನಮ್ಮಲ್ಲಿ 40 ಗುಂಟೆಯಾಗಿ ಕುಳಿತದ್ದು ಇದೇ ಎಕರೆ. ಒಂದು ನೇಗಿಲು ಒಂದು ದಿನದಲ್ಲಿ ಉಳುವಷ್ಟು ನೆಲ ಎಂಬುದು ಅದರ ಮೂಲ ಲೆಕ್ಕ. ಗಟ್ಟಿ ಜೇಡಿಯಲ್ಲಿ ದಿನಕ್ಕೆ ಅಷ್ಟು ಸಾಗುತ್ತಿರಲಿಲ್ಲ.

ನೇಗಿಲೂ ನಮ್ಮದರಂತಲ್ಲ. ನಮ್ಮ ನೇಗಿಲ ಕುಳ ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಬಿಸಿಲ ನಾಡಿಗೆ ಅದೇ ಸರಿ, ತೇವ ಆರಬಾರದು. ಅಲ್ಲಿನ ಸಮಸ್ಯೆ ತೇವ ಹೆಚ್ಚಾಗುವುದು. ಅವರ ಭಾರದ ನೇಗಿಲಿಗೆ ಮುಂದೆ ನೇರ ನಿಂತ ಕಬ್ಬಿಣದ ಕತ್ತಿ, ಹಿಂದೆ ಅಡ್ಡಕ್ಕೆ ಕತ್ತರಿಸುವ ಕುಳ, ಅದರ ಪಕ್ಕಕ್ಕೆ ಓರೆಯಾಗಿ ಜೋಡಿಸಿದ ಹಲಗೆ. ಕತ್ತಿ ನೆಲವನ್ನು ನಿಲುವಾಗಿ ಕೊಯ್ಯುತ್ತದೆ, ಕುಳ ಬುಡ ಕೊಯ್ಯುತ್ತದೆ, ಹಲಗೆ ಆ ಹೆಂಟೆಯನ್ನು ಬಲಕ್ಕೆ ಮಗುಚುತ್ತದೆ. ಪಟ್ಟಿಯ ನಡುವಿನಿಂದ ಶುರುಮಾಡಿ ಸುತ್ತ ಉಳುತ್ತ ಬಂದರೆ ಪ್ರತಿ ಸಲವೂ ಮಣ್ಣು ನಡುವಿಗೇ ಬೀಳುತ್ತದೆ. ವರ್ಷಗಟ್ಟಲೆ ಹೀಗೆ ಉತ್ತಾಗ ಪಟ್ಟಿಯ ಬೆನ್ನು ಉಬ್ಬಿ, ಎರಡು ಪಟ್ಟಿಗಳ ನಡುವೆ ಕಾಲುವೆಯಂಥ ತಗ್ಗು ಉಳಿಯುತ್ತದೆ. ಮಳೆನೀರು ಅದರಲ್ಲಿ ಹರಿದುಹೋಗುತ್ತದೆ. ಇಂಗ್ಲೆಂಡಿನ ನಡುನಾಡಿನ ಹುಲ್ಲುಗಾವಲುಗಳಲ್ಲಿ ಈ ಅಲೆಯಲೆ ನೆಲ ಇಂದಿಗೂ ಕಾಣುತ್ತದೆ, ಸಂಜೆಯ ಓರೆಬಿಸಿಲಲ್ಲಂತೂ ಚೆನ್ನಾಗಿ. ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್ ಎಂಬ ಊರಲ್ಲಿ ಬಯಲು ಹೊಲದ ಪದ್ಧತಿಯೇ ಇನ್ನೂ ಉಳಿದಿದೆ.

ಇಂಥ ನೇಗಿಲಿಗೆ ಎಂಟು ಎತ್ತಿನ ಕಟ್ಟು, ನಾಲ್ಕು ನೊಗ. ಮೇಳಿ ಹಿಡಿಯಲು ಒಬ್ಬ, ಬಾರುಕೋಲು ಹಿಡಿದು ಹೊಡೆಯಲು ಇನ್ನೊಬ್ಬ. ಇಷ್ಟುದ್ದದ ಸಾಲನ್ನು ಕೊನೆಯಲ್ಲಿ ತಿರುಗಿಸುವುದೇ ಕಷ್ಟವಾದ್ದರಿಂದ ಅಂಚು ಬರುವ ಮೊದಲೇ ಪಕ್ಕಕ್ಕೆ ಎಳೆಯಲು ಶುರುಮಾಡುತ್ತಿದ್ದರು. ಹಾಗಾಗಿ ಪಟ್ಟಿಗಳು ನೇರವಿಲ್ಲದೆ ಎರಡೂ ತುದಿಯಲ್ಲಿ ಬಾಗಿವೆ. ವರ್ಗೇಟ್ ಇದ್ದವನ ಹತ್ತಿರವೂ ಸಾಮಾನ್ಯವಾಗಿ ಎರಡೇ ಎತ್ತು. ಮೂರ್ನಾಲ್ಕು ಮನೆಯವರು ಎತ್ತು ಕೂಡಿಸಿ, ನಮ್ಮ ಮುಯ್ಯಿಯ ಹಾಗೆ, ಸರದಿಯಲ್ಲಿ ಉಳುತ್ತಿದ್ದರು. ಸರದಿಯಲ್ಲಿ ಕೊನೆಯವನಾದವನ ಬಿತ್ತನೆ ತಡವಾಗುತ್ತಿತ್ತು, ಆ ಚಳಿನಾಡಿನಲ್ಲಿ ಎರಡು ವಾರ ತಡ ಎಂದರೆ ಬೆಳೆಯಲ್ಲಿ ಎದ್ದು ಕಾಣುವ ನಷ್ಟ.

ಮೂರು ಬಯಲಲ್ಲಿ ಒಂದಕ್ಕೆ ಅಕ್ಟೋಬರಿನಲ್ಲಿ ಗೋಧಿ ಅಥವಾ ಅದರಂಥದೇ ಧಾನ್ಯವಾದ ರೈ, ಇನ್ನೊಂದಕ್ಕೆ ಮಾರ್ಚ್–ಏಪ್ರಿಲಿನಲ್ಲಿ ಬಾರ್ಲಿ, ಓಟ್ಸ್, ಬಟಾಣಿ. ಮೂರನೆಯದು ಬೀಳು. ಎರಡೇ ಬಯಲಿದ್ದ ಊರಲ್ಲಿ ಅರ್ಧಕ್ಕರ್ಧ ಬೀಳು. ಹಸಿದ ಜನ ಮೂರನೇ ಒಂದು ಪಾಲು ನೆಲವನ್ನು ಸುಮ್ಮನೆ ಬಿಟ್ಟರೇ ಎಂದು ಅನೇಕರು ಕೇಳುತ್ತಾರೆ. ಅದು ಸುಮ್ಮನೆ ಬಿದ್ದಿರುತ್ತಿರಲಿಲ್ಲ. ಕೂಳೆ ಮೇಯುತ್ತ ಊರ ದನ ಕುರಿ ಅಲ್ಲಿ ಹಿಕ್ಕೆ ಸಗಣಿ ಹಾಕಬೇಕು, ಉಳುಮೆಯಿಂದ ಕಳೆ ಸಾಯಬೇಕು, ನೆಲ ಸಾರಜನಕವನ್ನು ಸ್ವಲ್ಪವಾದರೂ ತುಂಬಿಕೊಳ್ಳಬೇಕು. 1280ರ ಸುಮಾರಿಗೆ ವಾಲ್ಟರ್ ಆಫ್ ಹೆನ್ಲಿ ಎಂಬಾತ ಬರೆದ ಬೇಸಾಯದ ಕೈಪಿಡಿಯಲ್ಲಿ ಇದರ ಕ್ರಮ ಇದೆ. ಬೀಳನ್ನು ಮೊದಲು ಏಪ್ರಿಲಿನಲ್ಲಿ ಉಳಬೇಕು, ನೇಗಿಲ ಹಿಂದೆ ಹೆಂಟೆ ಪುಡಿಯಾಗುವ ಹದದಲ್ಲಿ. ಎರಡನೆಯದು ಜೂನ್ 24ರ ಸೇಂಟ್ ಜಾನ್ ಹಬ್ಬ ಕಳೆದು, ನೇಗಿಲ ಹಿಂದೆ ಧೂಳು ಏಳುವಾಗ. ಮೂರನೆಯದು ಬಿತ್ತನೆಗೆ. ಮುಳ್ಳುಕಳೆಯನ್ನು ಸೇಂಟ್ ಜಾನ್ ಹಬ್ಬಕ್ಕೆ ಮೊದಲೇ ಕೊಯ್ದರೆ ಒಂದರ ಜಾಗದಲ್ಲಿ ಎರಡು ಮೂರು ಹುಟ್ಟುತ್ತವೆ ಎಂದೂ ಆತ ಎಚ್ಚರಿಸುತ್ತಾನೆ.

ಅದೇ ಕೈಪಿಡಿಯಲ್ಲಿ ಕುದುರೆ–ಎತ್ತಿನ ಖರ್ಚಿನ ಹೋಲಿಕೆಯೂ ಇದೆ. ಕುದುರೆಗೆ ಲಾಳ, ದಿನಾ ಓಟ್ಸ್; ಮುದಿಯಾದರೆ ಉಳಿಯುವುದು ಚರ್ಮ ಮಾತ್ರ. ಮುದಿ ಎತ್ತನ್ನು ಸ್ವಲ್ಪ ಹುಲ್ಲು ಹಾಕಿ ಕೊಬ್ಬಿಸಿದರೆ ಮಾಂಸಕ್ಕಾಯಿತು. ಮತ್ತೊಂದು ಮಾತು ನಮ್ಮ ಲೆಕ್ಕಕ್ಕೆ ನೇರ ಸಂಬಂಧಪಟ್ಟದ್ದು: ಬಿತ್ತಿದ್ದರ ಮೂರು ಪಟ್ಟು ಬಂದರೆ, ಧಾನ್ಯಕ್ಕೆ ಒಳ್ಳೆಯ ಬೆಲೆ ಇಲ್ಲದಿದ್ದಲ್ಲಿ, ಅದು ನಷ್ಟದ ಬೇಸಾಯ.

ಇಷ್ಟೆಲ್ಲ ಮಾಡಿಯೂ ಇಳುವರಿ ನಾಲ್ಕೇ ಪಟ್ಟು ಏಕೆ? ಮೊದಲ ಕಾರಣ ಗೊಬ್ಬರ. ಗೊಬ್ಬರಕ್ಕೆ ದನ ಬೇಕು, ದನಕ್ಕೆ ಚಳಿಗಾಲದ ಆರು ತಿಂಗಳು ಒಣಹುಲ್ಲು ಬೇಕು, ಹುಲ್ಲಿಗೆ ಹೊಳೆದಂಡೆಯ ಹುಲ್ಲುಗಾವಲು ಬೇಕು. ಅದು ಎಷ್ಟು ವಿರಳವೆಂದರೆ ಉಳುವ ಎಕರೆಗಿಂತ ಹುಲ್ಲಿನ ಎಕರೆಗೆ ಎರಡು ಮೂರು ಪಟ್ಟು ಬೆಲೆ. ಜನಸಂಖ್ಯೆ ಏರಿದಂತೆ ಗೋಮಾಳವನ್ನೂ ಉತ್ತರು. ದನ ಇನ್ನೂ ಕಡಿಮೆಯಾಯಿತು, ಗೊಬ್ಬರವೂ ಕಡಿಮೆಯಾಯಿತು. ಇದ್ದ ಕುರಿಯ ಹಿಕ್ಕೆಯೂ ಎಲ್ಲ ಕಡೆ ರೈತನದಾಗಿರಲಿಲ್ಲ. ಪೂರ್ವದ ಕಡಲ ಸೀಮೆಯಲ್ಲಿ ರೈತರ ಕುರಿಮಂದೆ ರಾತ್ರಿ ಒಡೆಯನ ಹೊಲದಲ್ಲೇ ತಂಗಬೇಕು ಎಂಬ ಹಕ್ಕನ್ನು ಒಡೆಯರು ಇಟ್ಟುಕೊಂಡಿದ್ದರು.

ಎರಡನೆಯದು ಬಿತ್ತನೆಯ ರೀತಿ. ಕೂರಿಗೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಜೆಥ್ರೋ ಟಲ್ ತನ್ನ ಬಿತ್ತನೆ ಯಂತ್ರ ಮಾಡಿದ್ದು 1701ರಲ್ಲಿ. ಅಲ್ಲಿಯವರೆಗೆ ಮಡಿಲಲ್ಲಿ ಬೀಜ ತುಂಬಿಕೊಂಡು ಚೆಲ್ಲುವುದು, ಮೇಲೆ ಹಲುಬೆ ಎಳೆಯುವುದು. ಕಾಗೆ ಪಾರಿವಾಳ ತಿಂದದ್ದು, ಆಳಕ್ಕೆ ಬಿದ್ದು ಕೊಳೆತದ್ದು ಎಲ್ಲ ಕಳೆದು ಉಳಿದದ್ದು ಮೊಳೆಯಬೇಕು. ಸಾಲಿಲ್ಲದ್ದರಿಂದ ನಡುವೆ ಕುಂಟೆ ಹೊಡೆಯುವಂತಿಲ್ಲ. ಕಳೆಯನ್ನು ಒಂದು ಕೈಯ ಕವಲುಕೋಲಿನಿಂದ ಒತ್ತಿ, ಇನ್ನೊಂದು ಕೈಯ ಕೊಕ್ಕೆಕತ್ತಿಯಿಂದ ಒಂದೊಂದಾಗಿ ಕೊಯ್ಯಬೇಕು. ಬೀಜ ಕಡಿಮೆ ಹಾಕಿದರೆ ತೆರವಾದ ಜಾಗದಲ್ಲಿ ಕಳೆಯೇ ತುಂಬುತ್ತದೆ ಎಂದು ದಟ್ಟವಾಗಿ ಚೆಲ್ಲುತ್ತಿದ್ದರು. ಅಂದರೆ ಬೀಜದ ಒಂದು ಪಾಲು ಖರ್ಚಾಗುತ್ತಿದ್ದದ್ದು ಕಳೆ ಅಡಗಿಸಲಿಕ್ಕೆ.

ಈಗ ಅವನ ಕಣಜದ ಲೆಕ್ಕ. ಅಳತೆ ಬುಶೆಲ್‌ನಲ್ಲಿ, ಒಂದು ಬುಶೆಲ್ ಗೋಧಿ ಸುಮಾರು 25 ಕೆಜಿ, ಬಾರ್ಲಿಯಾದರೆ ಸ್ವಲ್ಪ ಕಡಿಮೆ. 8 ಬುಶೆಲ್‌ಗೆ ಒಂದು ಕ್ವಾರ್ಟರ್. ಇದು ಒಬ್ಬ ನಿಜವಾದ ರೈತನ ದಾಖಲೆಯಲ್ಲ, ಆ ಕಾಲದ ವಾಡಿಕೆಯ ಅಂಕಿಗಳನ್ನು ಜೋಡಿಸಿದ ಮಾದರಿ.

30 ಎಕರೆಯಲ್ಲಿ 10 ಬೀಳು. 10 ಎಕರೆ ಗೋಧಿ, ಎಕರೆಗೆ 10 ಬುಶೆಲ್‌ನಂತೆ 100. 5 ಎಕರೆ ಬಾರ್ಲಿ, 15ರಂತೆ 75. 3 ಎಕರೆ ಓಟ್ಸ್, 10ರಂತೆ 30. 2 ಎಕರೆ ಬಟಾಣಿ, 8ರಂತೆ 16. ಒಟ್ಟು 221 ಬುಶೆಲ್. ಇದರಲ್ಲಿ ಚರ್ಚಿನ ದಶಾಂಶ ಮೊದಲು ಹೋಗುತ್ತದೆ, ಅದೂ ಹೊಲದಲ್ಲೇ, ಹತ್ತು ಸಿವುಡಿಗೆ ಒಂದರಂತೆ: 22. ಬೀಜ ಗೋಧಿಗೆ ಎಕರೆಗೆ ಎರಡೂವರೆ, ಬಾರ್ಲಿ ಓಟ್ಸ್‌ಗೆ ನಾಲ್ಕು, ಬಟಾಣಿಗೆ ಎರಡೂವರೆ ಬುಶೆಲ್‌ನಂತೆ 25, 20, 12, 5, ಒಟ್ಟು 62. ದಶಾಂಶ ಒಟ್ಟು ಬೆಳೆಯ ಮೇಲೆ, ಬೀಜ ಕಳೆದ ಮೇಲಿನದರ ಮೇಲಲ್ಲ ಎಂಬುದನ್ನು ಗಮನಿಸಿ. ಉಳಿದದ್ದು 137.

ಐದು ಜನರ ಮನೆಗೆ ರೊಟ್ಟಿ, ಗಂಜಿಗೆ ವರ್ಷಕ್ಕೆ 45 ಬುಶೆಲ್ ಇಟ್ಟುಕೊಳ್ಳಿ. ಬಾರ್ಲಿ ಮೊಳಕೆ ಕಟ್ಟಿ ಮಾಡುವ, ಬಿಯರಿನಂಥ ಪಾನೀಯವಾದ ಏಲ್‌ಗೆ 20. ಅದನ್ನು ಬರೀ ಚಟದ ಬಾಬತ್ತು ಎಂದು ಹೊಡೆದುಹಾಕಬೇಡಿ, ದಿನದ ಊಟದ ಪಾಲೇ ಅದು. ಎತ್ತಿಗೆ, ಕುದುರೆಗೆ ಓಟ್ಸ್ 15. ಗಿರಣಿಯ ಸುಂಕ, ಇಲಿ, ಮುಗ್ಗಲು ಸೇರಿ 10. ಹಿಟ್ಟು ಮಾಡಿಸಲು ಒಡೆಯನ ಗಿರಣಿಗೇ ಹೋಗಬೇಕಿತ್ತು; ಅಲ್ಲಿ 16ರಲ್ಲಿ ಒಂದರಿಂದ 24ರಲ್ಲಿ ಒಂದು ಪಾಲಿನವರೆಗೆ ಮುರಿದುಕೊಳ್ಳುತ್ತಿದ್ದರು. ಮಾರಲು ಉಳಿದದ್ದು 47 ಬುಶೆಲ್, ಅಂದರೆ ಹತ್ತಿರಹತ್ತಿರ ಆರು ಕ್ವಾರ್ಟರ್. 1300ರ ಆಸುಪಾಸಿನ ಧಾರಣೆಯಲ್ಲಿ 25–30 ಶಿಲ್ಲಿಂಗ್ ಕೈಗೆ ಬರುತ್ತದೆ. ಒಂದು ಎತ್ತಿನ ಬೆಲೆ 10 ಶಿಲ್ಲಿಂಗ್ ಆಸುಪಾಸು. ಕುಳ, ಉಪ್ಪು, ಬಟ್ಟೆ, ಗೇಣಿ, ದಂಡ ಎಲ್ಲ ಇದರಲ್ಲೇ.

ಒಡೆಯನ ಬಾಬತ್ತು ಈಗ ಬಂತು. ಅದರಲ್ಲಿ ದೊಡ್ಡದು ಬಿಟ್ಟಿ: ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಕೆಲಸ, ಕೊಯ್ಲಿನಲ್ಲಿ ಇನ್ನೂ ಹೆಚ್ಚು. ವಾರದ ಅರ್ಧ ಹೋಯಿತು ಎಂದು ಇದನ್ನು ಓದುವುದು ರೂಢಿ. ಅದು ಅಷ್ಟು ಸರಿಯಲ್ಲ. ಬಿಟ್ಟಿ ಕಟ್ಟಿದ್ದು ಹಿಡುವಳಿಗೆ, ಆಳಿಗಲ್ಲ. ಮಗನನ್ನೋ ಕೂಲಿಯವನನ್ನೋ ಕಳಿಸಿದರೆ ನಡೆಯುತ್ತಿತ್ತು. ಒಂದು ‘ದಿನ’ ಎಷ್ಟೋ ಕಡೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಹಬ್ಬಗಳಂದು ಬಿಡುವು ಇರುತ್ತಿತ್ತು, ಹಣ ಕಟ್ಟಿ ಬಿಡಿಸಿಕೊಳ್ಳುವುದೂ ಸಾಮಾನ್ಯವಾಗಿತ್ತು. ನಿಜವಾಗಿ ನೋಯಿಸುತ್ತಿದ್ದದ್ದು ಸಮಯ. ಆಗಸ್ಟಿನಲ್ಲಿ ಮೂರು ದಿನ ಬಿಸಿಲು ಬಿದ್ದರೆ ಮೊದಲು ಒಡೆಯನ ಗೋಧಿ ಕೊಯ್ಯಬೇಕು. ತನ್ನದು ಹೊಲದಲ್ಲಿ ನಿಂತು ನೆನೆಯುತ್ತದೆ. ಇನ್ನೊಂದು, ಸಾವಿನ ಕಾಣಿಕೆ: ಮನೆಯ ಯಜಮಾನ ಸತ್ತರೆ ಇದ್ದುದರಲ್ಲಿ ಒಳ್ಳೆಯ ದನ ಒಡೆಯನಿಗೆ. ದುಡಿಯುವ ಆಳು ಹೋದ ವಾರವೇ ಉಳುವ ಎತ್ತೂ ಹೋಗುತ್ತಿತ್ತು. ಮಗ ಹಿಡುವಳಿಗೆ ಕೂರಲು ಮತ್ತೊಂದು ಕಾಣಿಕೆ ಬೇರೆ.

15 ಎಕರೆಯವನಿಗೆ ಇದೇ ಲೆಕ್ಕದ ಅರ್ಧ: 68 ಬುಶೆಲ್. ಹೊಟ್ಟೆ ಮಾತ್ರ ಅರ್ಧವಾಗುವುದಿಲ್ಲ. ಊಟಕ್ಕೆ 45 ತೆಗೆದರೆ ಏಲ್‌ಗೆ, ದನಕ್ಕೆ, ಗೇಣಿಗೆ ಉಳಿಯುವುದು 23. ಅವನ ಮನೆಯವರು ದಿನಕ್ಕೆ ಒಂದೂವರೆ ಪೆನ್ನಿಯ (12 ಪೆನ್ನಿಗೆ ಒಂದು ಶಿಲ್ಲಿಂಗ್) ಕೂಲಿಗೆ ಹೋಗಲೇಬೇಕು. ಹೆಂಡತಿ ಏಲ್ ಮಾಡಿ ಮಾರಬೇಕು, ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆಯಬೇಕು. ಜೂನ್–ಜುಲೈ ಹೊತ್ತಿಗೆ ಕಣಜದ ತಳ ಕಾಣುತ್ತಿತ್ತು, ಹೊಸ ಬೆಳೆ ಆಗಸ್ಟಿಗೆ. ನಮ್ಮ ಆಷಾಢದ ಕೊರತೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೆಳೆ ಕೈಕೊಟ್ಟ ವರ್ಷ. ಇಳುವರಿ ಅರ್ಧಕ್ಕಿಳಿಯಿತು ಎಂದುಕೊಳ್ಳಿ. 30 ಎಕರೆಯವನಿಗೆ 110 ಬುಶೆಲ್ ಬಂತು. ದಶಾಂಶ 11. ಬೀಜ ಮಾತ್ರ ಕಡಿಮೆಯಾಗುವುದಿಲ್ಲ. ಹೊಲ ಅಷ್ಟೇ ಇದೆ, ಅದೇ 62 ಬೇಕು. ಉಳಿದದ್ದು 37. ಬೆಳೆ ಅರ್ಧವಾದಾಗ ಮನೆಗೆ ಉಳಿದದ್ದು ಕಾಲು ಭಾಗಕ್ಕಿಂತ ಚೂರು ಹೆಚ್ಚು. 15 ಎಕರೆಯವನಿಗೆ 18–19 ಬುಶೆಲ್, ಅಂದರೆ ಐದು ತಿಂಗಳ ಊಟ. ನೂರು ಪಟ್ಟು ಬರುವ ಬೆಳೆಯಲ್ಲಿ ಬೀಜ ನೂರರಲ್ಲೊಂದು, ಇಳುವರಿ ಅರ್ಧವಾದರೆ ಊಟವೂ ಸುಮಾರು ಅರ್ಧವಾಗುತ್ತದೆ, ಅಷ್ಟೇ. ನಾಲ್ಕು ಪಟ್ಟು ಬರುವ ಬೆಳೆಯಲ್ಲಿ ಹಾಗಲ್ಲ. ಹಸಿವು ತಡೆಯಲಾರದೆ ಬೀಜದ ಚೀಲಕ್ಕೆ ಕೈಹಾಕಿದರೆ ಮುಂದಿನ ವರ್ಷದ ಬಿತ್ತನೆಯೇ ಕಡಿಮೆಯಾಗಿ, ಒಂದು ಕೆಟ್ಟ ವರ್ಷ ಎರಡಾಗುತ್ತದೆ.

1315ರಲ್ಲಿ ಇದು ಕಾಗದದ ಲೆಕ್ಕವಾಗಿ ಉಳಿಯಲಿಲ್ಲ. ಆ ವಸಂತದಲ್ಲಿ ಹಿಡಿದ ಮಳೆ ಆಲ್ಪ್ಸ್‌ನ ಉತ್ತರಕ್ಕೆ, ಐರ್ಲೆಂಡಿನಿಂದ ಬಾಲ್ಟಿಕ್ ತೀರದವರೆಗೆ ಬೇಸಿಗೆಯಿಡೀ ಬಿಡಲಿಲ್ಲ. ಬೀಳು ಹೊಲದಲ್ಲಿ ನೇಗಿಲ ಹಿಂದೆ ಧೂಳು ಏಳಬೇಕಾದ ಕಾಲದಲ್ಲಿ ಕೆಸರು. ಹುಲ್ಲು ಒಣಗಲಿಲ್ಲ, ತೆನೆ ಕಟ್ಟಲಿಲ್ಲ, ಕೊಯ್ದ ಸಿವುಡು ಮೊಳೆತವು. ಉಬ್ಬುಪಟ್ಟಿಯ ನಡುವಿನ ತಗ್ಗುಗಳು ತುಂಬಿ ಹರಿದವು. ಸಮುದ್ರದ ನೀರು ಆವಿಯಾಗದೆ ಉಪ್ಪು ಸಿಗಲಿಲ್ಲ, ಉಪ್ಪಿಲ್ಲದೆ ಮಾಂಸ ಕೆಡದಂತೆ ಇಡಲಾಗಲಿಲ್ಲ. ಆಗಸ್ಟಿನಲ್ಲಿ 2ನೇ ಎಡ್ವರ್ಡ್ ದೊರೆ ಸೇಂಟ್ ಆಲ್ಬನ್ಸ್‌ನಲ್ಲಿ ತಂಗಿದ್ದಾಗ ಅವನ ಪರಿವಾರಕ್ಕೇ ರೊಟ್ಟಿ ಹೊಂದಿಸುವುದು ಕಷ್ಟವಾಯಿತು. 1316ರಲ್ಲಿ ಮಳೆ ಮತ್ತೆ ಅದೇ ಕಥೆ. ವಿಂಚೆಸ್ಟರ್ ಎಸ್ಟೇಟುಗಳಲ್ಲಿ ಗೋಧಿ ಮೊದಲ ವರ್ಷ ಬಿತ್ತಿದ್ದರ ಎರಡೂವರೆ ಪಟ್ಟು, ಎರಡನೇ ವರ್ಷ ಎರಡು ಪಟ್ಟಿನ ಆಸುಪಾಸಿಗೆ ಇಳಿಯಿತು. ಐದಾರು ಶಿಲ್ಲಿಂಗಿನ ಗೋಧಿ ಕ್ವಾರ್ಟರಿಗೆ 20 ಶಿಲ್ಲಿಂಗ್ ದಾಟಿತು. ದನ, ಕೋಳಿ, ಮೊಟ್ಟೆಗೆ ಸರ್ಕಾರ 1315ರಲ್ಲಿ ಕಟ್ಟಿದ ಬೆಲೆ ಮಾಲನ್ನು ಪೇಟೆಯಿಂದ ಮಾಯಮಾಡಿತು; ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮಾರಲು ಧಾನ್ಯ ಇದ್ದವನಿಗೆ ಇದು ಲಾಭದ ಕಾಲ, ಕೊಳ್ಳಬೇಕಾದ 15 ಎಕರೆಯವನಿಗೆ ಸಾವು. ಒಡೆಯರ ಕಚೇರಿಗಳ ದಾಖಲೆಗಳಲ್ಲಿ ಈ ವರ್ಷಗಳಲ್ಲಿ ಅರ್ಧ ಎಕರೆ, ಒಂದು ಎಕರೆಯ ಮಾರಾಟಗಳು ಏರುವುದು ಕಾಣುತ್ತದೆ: ಒಂದು ಚೀಲ ಧಾನ್ಯಕ್ಕೆ ನೆಲ ಬಿಟ್ಟುಕೊಟ್ಟವರು. ಫ್ಲಾಂಡರ್ಸ್‌ನ ಈಪ್ರ್ ಪಟ್ಟಣ 1316ರ ಮೇಯಿಂದ ಅಕ್ಟೋಬರ್‌ವರೆಗೆ ತನ್ನ ಖರ್ಚಿನಲ್ಲಿ ಹೂಳಿಸಿದ ಹೆಣಗಳ ಲೆಕ್ಕ ಇಟ್ಟಿದೆ, 2,794. ಇಂಗ್ಲೆಂಡಿನಲ್ಲಿ ಒಟ್ಟು ಹತ್ತರಲ್ಲಿ ಒಬ್ಬರಾದರೂ ಸತ್ತರು ಎಂಬುದು ಇತಿಹಾಸಕಾರರ ಅಂದಾಜು. ಉಸಿರು ಬಿಡುವಷ್ಟರಲ್ಲಿ, 1319ರಲ್ಲಿ, ಪೂರ್ವದಿಂದ ಬಂದ ದನದ ಬೇನೆ ಇಂಗ್ಲೆಂಡಿಗೆ ಕಾಲಿಟ್ಟು ಸುಮಾರು ಶೇಕಡ 60ರಷ್ಟು ದನಗಳನ್ನು ತೆಗೆದುಕೊಂಡು ಹೋಯಿತು. ಎಂಟು ಎತ್ತಿನ ನೇಗಿಲು ಎಂದೆನಲ್ಲ, ಈಗ ನೊಗಕ್ಕೆ ಕಟ್ಟಲು ಮೂರು ಉಳಿದವು. ಕೆಲವೆಡೆ ಕುದುರೆ ಹೂಡಿದರು, ಕೆಲವೆಡೆ ಹೊಲ ಹಾಗೇ ಬಿಟ್ಟರು.

ಇಡೀ ಯುರೋಪ್ ಹೀಗೇ ಇತ್ತು ಎಂದು ತಿಳಿಯಬೇಡಿ. ಇದೇ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಪೂರ್ವಭಾಗದಲ್ಲಿ, ಇದೇ ಕಾಲದಲ್ಲಿ, ಗೋಧಿ ಎಕರೆಗೆ 15–20 ಬುಶೆಲ್ ಬರುತ್ತಿತ್ತು. ಅಲ್ಲಿ ಬೀಳು ಬಿಡುತ್ತಲೇ ಇರಲಿಲ್ಲ ಎನ್ನಬಹುದು. ಬಟಾಣಿ ಜಾತಿಯ ಬೆಳೆ ಹೆಚ್ಚು, ಸುಣ್ಣದಂಶದ ಜೇಡಿ ತೋಡಿ ಹೊಲಕ್ಕೆ ಹಾಕುವುದು, ನಾರಿಚ್ ಪೇಟೆಯ ಹೊಲಸನ್ನೂ ಗಾಡಿಯಲ್ಲಿ ತಂದು ಗೊಬ್ಬರ ಮಾಡುವುದು, ಪದೇಪದೇ ಉಳುವುದು, ಕಳೆ ಕೀಳುವುದು. ತಿಳಿವಳಿಕೆ ಇರಲಿಲ್ಲವೆಂದಲ್ಲ, ಇಷ್ಟು ಕೈಕೆಲಸ ಸುರಿಯಲು ಜನ ದಟ್ಟವಾಗಿರಬೇಕು, ಕೂಲಿ ಅಗ್ಗವಾಗಿರಬೇಕು, ಹತ್ತಿರ ಪೇಟೆ ಇರಬೇಕು, ನೆಲ ಹಗುರವಾಗಿರಬೇಕು. ಆ ಇಳುವರಿಯನ್ನು ಐದಾರು ಎಕರೆಯ ಮನೆಗಳು ಹಂಚಿಕೊಂಡು ತಿನ್ನುತ್ತಿದ್ದವು ಎಂಬುದೂ ನಿಜ.

ಬೇರೆ ಬೆಳೆ ಏಕೆ ಹಾಕಲಿಲ್ಲ ಎಂಬ ಪ್ರಶ್ನೆ ಮುಂದೆ ಬರುತ್ತದೆ, ಅದಕ್ಕೂ ಇಲ್ಲೇ ಉತ್ತರಿಸಿಬಿಡುತ್ತೇನೆ. ರಾಗಿ, ಜೋಳಕ್ಕೆ ಬೇಕಾದ ಕಾವು ಅಲ್ಲಿಲ್ಲ. ಆ ಚಳಿ ತಾಳಿ ಎಕರೆಗೆ ಹೊಟ್ಟೆತುಂಬ ಕೊಡಬಲ್ಲ ಆಲೂಗೆಡ್ಡೆ ಇನ್ನೂ ಅಟ್ಲಾಂಟಿಕ್‌ನ ಆಚೆ, ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿತ್ತು. ಅದು ಯುರೋಪಿಗೆ ಬಂದದ್ದು 16ನೇ ಶತಮಾನದ ಕೊನೆಗೆ.

ಒಡೆಯನ ಸುಲಿಗೆಗೂ ಇಳುವರಿಗೂ ಯಾವುದರ ತೂಕ ಎಷ್ಟು ಎಂದು ತೋರಿಸಿದ್ದು 1348–49ರ ಪ್ಲೇಗ್ ಮಹಾಮಾರಿ. ಮೂರರಲ್ಲೊಬ್ಬರಿಂದ ಇಬ್ಬರಲ್ಲೊಬ್ಬರವರೆಗೆ ಸತ್ತರು. ವಿಂಚೆಸ್ಟರ್ ಸುರುಳಿಗಳಲ್ಲಿ ಆ ವರ್ಷ ಸಾವಿನ ಕಾಣಿಕೆಯಾಗಿ ಬಂದ ದನಗಳ ಸಾಲು ಒಂದೇ ಸಮನೆ ಉದ್ದವಾಗುತ್ತದೆ. ಕೊಳ್ಳುವವರಿಲ್ಲದೆ 40 ಶಿಲ್ಲಿಂಗಿನ ಕುದುರೆ 6 ಶಿಲ್ಲಿಂಗ್ 8 ಪೆನ್ನಿಗೆ ಸಿಗುತ್ತಿತ್ತು ಎಂದು ಲೆಸ್ಟರಿನ ಚರಿತ್ರೆಕಾರ ಹೆನ್ರಿ ನೈಟನ್ ಬರೆದಿಟ್ಟಿದ್ದಾನೆ. ಅದಾದ ಮೇಲೆ ಇಳುವರಿ ಏನೂ ಏರಲಿಲ್ಲ, ನಾಲ್ಕು ಪಟ್ಟಿನ ಆಸುಪಾಸಿನಲ್ಲೇ ಉಳಿಯಿತು. ಆದರೆ ತಲೆಗೆ ಸಿಗುವ ನೆಲ ಹೆಚ್ಚಾಯಿತು, ಕೂಲಿ ಏರಿತು. 15 ಎಕರೆಯವನ ಮಗ ಪಕ್ಕದ ಖಾಲಿ ಹಿಡುವಳಿ ಸೇರಿಸಿಕೊಂಡು 30ಕ್ಕೆ ಬಂದ. ಕೂಲಿ ಏರದಂತೆ 1351ರಲ್ಲಿ ಕಾನೂನು ಮಾಡಿದರು, ಬಿಟ್ಟಿಯನ್ನು ಬಿಗಿಮಾಡಲು ನೋಡಿದರು. ಹೊಟ್ಟೆ ತುಂಬಿದ ಮೇಲೆ ಬಿಟ್ಟಿ ಹೆಚ್ಚು ಚುಚ್ಚತೊಡಗಿತು. 1381ರ ಜೂನಿನಲ್ಲಿ ಎಸೆಕ್ಸ್, ಕೆಂಟ್ ಸೀಮೆಯ ಊರವರು ಎದ್ದಾಗ ಒಡೆಯರ ಕಚೇರಿಗಳಿಂದ ಹುಡುಕಿ ತಂದು ಬೆಂಕಿಗೆ ಹಾಕಿದ್ದು ಯಾರು ಎಷ್ಟು ದಿನ ಬಿಟ್ಟಿ ಮಾಡಬೇಕು ಎಂದು ಬರೆದಿದ್ದ ಚರ್ಮದ ಸುರುಳಿಗಳನ್ನು.